ಗೋಕಾವಿಯ ಗೊಂಬೆಗೆ ಮಾತು ಬರಬೇಕು

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ನಾಟಕದ ಹುಟ್ಟನ್ನು ಕುರಿತು ಒಂದು ಕಥೆಯುಂಟು. ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೆ ಕಾಣುವಂಥದೂ ಕಿವಿಗೆ ಕೇಳುವಂಥದೂ ಆದ ಒಂದು ‘ಕ್ರೀಡನೀಯಕ’ವು ತಮಗೆ ಬೇಕೆಂದು ಬೇಡಿಕೊಂಡರಂತೆ. ಕ್ರೀಡನೀಯಕವೆಂದರೆ ಆಟದ ಸಾಮಾನು. ಪಂಡಿತರು ಈ ಶಬ್ದಕ್ಕೆ ವಿಸ್ತಾರವಾದ ವ್ಯಾಖ್ಯಾನಗಳನ್ನು ಬರೆದಿರುವರು. ಆದರೆ ಮಕ್ಕಳ ನಡುವೆಯೇ ಆಯುಷ್ಯವನ್ನು ಕಳೆದ ನಮ್ಮಂಥವರಿಗೆ ಅದರ ಸರಳವಾದ ಅರ್ಥವೇ ಹೆಚ್ಚು ರುಚಿಸುವದು. ದೊಡ್ಡವರ ರಸಾಸ್ವಾದಕ್ಕೆ ಒದಗುವ ಮೊದಲು ನಾಟಕವು ಒಂದು ಆಟಿಕೆಯಾಗಿದ್ದಿತು. ಆಟಿಕೆಯ ಮೇಲೆ ಮೊದಲನೆಯ ಹಕ್ಕು ಮಕ್ಕಳದು.

ಶೂದ್ರಕನ ಮೃಚ್ಛಕಟಿಕವನ್ನು ಓದಿದವರಿಗೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಆ ನಾಟಕದಲ್ಲಿ ರಾಜ್ಯವೇ ತಲೆಕೆಳಗಾಗುವದು; ಕೊಲೆಯ ಆರೋಪ, ಶೂಲದ ಶಿಕ್ಷೆಗಳೆಲ್ಲ ಬರುವವು. ಆದರೂ ಕವಿಯು ನಾಟಕಕ್ಕೆ ಹೆಸರಿಟ್ಟದ್ದು ಚಾರುದತ್ತನ ಚಿಕ್ಕ ಮಗ ರೋಹಸೇನನ ಮಣ್ಣಿನ ಬಂಡಿಯನ್ನು ಹಿಡಿದು. ನೆರೆಮನೆಯ ಹುಡುಗನ ಬಂಗಾರದ ಬಂಡಿಯೇ ಬೇಕೆಂದು ಕೂಸು ಅಳುವದು; ವಸಂತಸೇನೆಯು ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುವಳು. ನಮ್ಮ ನಾಡಿನ ಮಕ್ಕಳ ಸ್ಥಿತಿಯು ಇಂದು ರೋಹಸೇನನ ಸ್ಥಿತಿಯಂತೆಯೇ ಇದೆ. ದೃಶ್ಯವೂ ಶ್ರವ್ಯವೂ ಆದ ಆಟಿಕೆಯು ಟೀವಿಯ ರೂಪದಿಂದಲೂ ಕೈಯೊಳಗಿನ ಫೋನಿನ ರೂಪದಿಂದಲೂ ಮನೆಮನೆಯನ್ನು ಹೊಕ್ಕಿರುವದು. ಅದರಲ್ಲಿ ಓಡುವ ಬಂಗಾರದ ಬಂಡಿಗಳು ಬಹುಮಟ್ಟಿಗೆ ನೆರೆಮನೆಯವು. ನಮ್ಮ ಮಣ್ಣಿನ ಬಂಡಿಗೆ ಒಡವೆ ತುಂಬುವವರು ಯಾರು ಎಂಬುದೇ ಈ ಲೇಖನದ ವಿಷಯ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳನ್ನೇ ಮುಂದಿಟ್ಟುಕೊಂಡು ನಾವು ಇದನ್ನು ವಿಚಾರಿಸುವೆವು.

ಮೂರು ಸೀಮೆಗಳ ಮೂರು ವಿದ್ಯೆಗಳು

ಗೋಕಾವಿಯೆಂದರೆ ಹೊರಗಿನವರಿಗೆ ನೆನಪಾಗುವವು ಜಲಪಾತ ಮತ್ತು ಕರದಂಟು. ಘಟಪ್ರಭೆಯು ಸುಮಾರು 170 ಅಡಿಯಷ್ಟು ಕೆಳಗೆ ಧುಮುಕುವ ಆ ನೋಟವನ್ನು ವರ್ಣಿಸಬೇಕಾದುದಿಲ್ಲ. ಆದರೆ ಊರಿನ ಮೂರನೆಯ ಕೀರ್ತಿಯು ಅದರ ಗೊಂಬೆಗಳದು. ಹಗುರವಾದ ಕಟ್ಟಿಗೆಯಿಂದಲೂ ಅಲ್ಲಿಯೇ ದೊರೆಯುವ ಮಣ್ಣಿನಿಂದಲೂ ಮಾಡಿದ ಮನುಷ್ಯಾಕೃತಿಗಳು, ಪ್ರಾಣಿಗಳು, ನಿಜವಾದವೆಂದು ಕೈಚಾಚುವಂತೆ ಬಣ್ಣ ಹಚ್ಚಿದ ಹಣ್ಣುಗಳು ಇಂಗ್ಲಿಷರ ಆಳಿಕೆಯ ಕಾಲಕ್ಕೇ ಹೆಸರಾಗಿದ್ದವು. ಆ ಕಾಲದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನಲ್ಲಿಯೂ ಅವುಗಳ ಉಲ್ಲೇಖವಿದೆ. ಕಟ್ಟಿಗೆಯನ್ನು ಕೆತ್ತಿ, ಮೈಯನ್ನು ನಯಗೊಳಿಸಿ, ಬಣ್ಣವನ್ನು ಏರಿಸಿ, ಕೊನೆಗೆ ಕಣ್ಣು ಬರೆದಾಗ ಗೊಂಬೆಯು ನಮ್ಮನ್ನೇ ನೋಡಿದಂತೆ ಆಗುವದು. ಆ ಕಣ್ಣು ಬರೆಯುವ ಕೈ ಪುಸ್ತಕದಿಂದ ಕಲಿತದ್ದಲ್ಲ. ತಂದೆಯಿಂದ ಮಗನಿಗೆ ಬಂದದ್ದು. ಪ್ಲಾಸ್ಟಿಕಿನ ಆಟಿಕೆಗಳು ಪೇಟೆಯನ್ನು ತುಂಬಿದ ಮೇಲೆ ಈ ಕಸುಬನ್ನು ಹಿಡಿದಿರುವ ಮನೆತನಗಳು ಮೊದಲಿನಷ್ಟು ಉಳಿದಿಲ್ಲ.

ಮೂಡಲಗಿಯು ಇತ್ತೀಚಿನವರೆಗೆ ಗೋಕಾಕ ತಾಲೂಕಿನಲ್ಲಿಯೇ ಇದ್ದು ಈಗ ಸ್ವತಂತ್ರ ತಾಲೂಕಾಗಿರುವದು. ಈ ಸೀಮೆಯ ವಿದ್ಯೆಯು ಶ್ರೀಕೃಷ್ಣಪಾರಿಜಾತದ ಆಟ. ಕುಲಗೋಡದ ತಮ್ಮಣ್ಣನು 19ನೆಯ ಶತಮಾನದಲ್ಲಿ ಈ ಆಟಕ್ಕೆ ರಂಗದ ರೂಪವನ್ನು ತಂದುಕೊಟ್ಟನೆಂದು ಹೇಳುವರು; ಮುಂದೆ ಕೌಜಲಗಿಯ ನಿಂಗಮ್ಮನು ತನ್ನ ಹಾಡು ಮತ್ತು ಅಭಿನಯಗಳಿಂದ ಅದನ್ನು ಊರೂರಿಗೆ ಒಯ್ದಳು. ಸ್ವರ್ಗದ ಒಂದು ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆಯು ಮುನಿಸಿಕೊಳ್ಳುವದು, ಕೃಷ್ಣನು ಅವಳನ್ನು ಸಂತೈಸಲು ಹೆಣಗುವದು, ಇಷ್ಟೇ ಕಥೆ. ಆದರೆ ಈ ಎಳೆಯನ್ನು ಹಿಡಿದು ಕಲಾವಿದರು ರಾತ್ರಿಯನ್ನೆಲ್ಲ ಕಳೆಯುವರು. ಹಾಡು ಮುಗಿದೊಡನೆ ಭಾಗವತನು ಪಾತ್ರಗಳನ್ನು ಮಾತಿಗೆ ಎಳೆಯುವನು. ಪಾತ್ರಗಳು ದ್ವಾರಕೆಯನ್ನು ಬಿಟ್ಟು ನಮ್ಮ ಓಣಿಗೆ ಇಳಿದುಬಂದು ನಮ್ಮಂತೆಯೇ ಮಾತನಾಡುವವು. ದೇವರನ್ನು ಮನೆಯ ಮನುಷ್ಯನನ್ನಾಗಿ ಮಾಡುವ ಈ ಕಲೆಯನ್ನು ಮಕ್ಕಳ ನಾಟಕ ಬರೆಯುವವರು ಕುಳಿತು ಅಭ್ಯಾಸ ಮಾಡತಕ್ಕದ್ದು.

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. 2010ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಿತು. ದೊಡ್ಡವರ ನಾಟಕ, ಕಾವ್ಯಗಳ ಜೊತೆಗೆ ಅವರು ಮಕ್ಕಳಿಗಾಗಿಯೂ ನಾಟಕಗಳನ್ನು ಬರೆದಿರುವರು. ಆಲಿಬಾಬಾನ ಅರಬ್ಬೀ ಕಥೆಯು ಅವರ ಕೈಯಲ್ಲಿ ಕನ್ನಡದ ಆಟವಾಯಿತು. ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರವು ಭೂಪಟದಲ್ಲಿ ಹುಡುಕಿ ಸಿಗುವ ಊರಲ್ಲ, ಕಲ್ಪನೆಯ ಊರು. ಆದರೂ ಅಲ್ಲಿಯ ಮಣ್ಣು, ಮಳೆ, ಬೈಗುಳ, ಹಾಡುಗಳೆಲ್ಲ ಈ ನದೀತೀರದವೇ. ಕಲ್ಪನೆಯೆಂದರೆ ಇದ್ದ ಊರನ್ನು ಬಿಟ್ಟು ಆಕಾಶಕ್ಕೆ ಹಾರುವದೆಂದು ತಿಳಿದವರು ಶಿವಾಪುರವನ್ನು ಒಮ್ಮೆ ನೋಡಿ ಬರಬೇಕು.

ಹೀಗೆ ಒಂದು ಸೀಮೆಯಲ್ಲಿ ಪಾತ್ರಗಳನ್ನು ಕೆತ್ತುವ ಕೈ, ಇನ್ನೊಂದರಲ್ಲಿ ಅವಕ್ಕೆ ದನಿ ಕೊಡುವ ಕಂಠ, ಮತ್ತೊಂದರಲ್ಲಿ ಕಥೆ ಕಟ್ಟುವ ಮನಸ್ಸು ಇವೆ. ಒಂದು ದಿನದಲ್ಲಿ ಮೂರೂ ಊರುಗಳನ್ನು ತಿರುಗಿ ಬರಬಹುದು. ಇವು ಮೂರೂ ಒಂದು ಕಡೆಗೆ ಕೂಡಿ ಮಕ್ಕಳ ಸಲುವಾಗಿ ಒಂದು ಚಿತ್ರವನ್ನು ಏಕೆ ಮಾಡಬಾರದು?

ನೆರಳಿನಿಂದ ಚಿತ್ರಕ್ಕೆ

ಕಾರ್ಟೂನೆಂಬುದು ಪರದೇಶದ ಸರಕು, ನಮಗೆ ಸಂಬಂಧಿಸಿದ್ದಲ್ಲ, ಎಂದು ಕೆಲವರು ಹೇಳುವರು. ಆದರೆ ಬಿಳಿಯ ಪರದೆಯ ಮೇಲೆ ಬಣ್ಣದ ಆಕೃತಿಗಳನ್ನು ಕುಣಿಸುವ ವಿದ್ಯೆಯು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕಿಳ್ಳೇಕ್ಯಾತರು ತೊಗಲನ್ನು ಹದಮಾಡಿ, ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ತುಂಬಿ, ದೀಪದ ಮುಂದೆ ಹಿಡಿದು ರಾಮಾಯಣ ಭಾರತಗಳನ್ನು ಆಡಿಸುತ್ತ ಬಂದಿರುವರು. ರಾವಣನ ಆರ್ಭಟವು ಮುಗಿದೊಡನೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಜಗಳ ತೆಗೆದಾಗ ಮುಂದೆ ಕುಳಿತ ಮಕ್ಕಳ ನಗೆ ತಡೆಯಲಾಗುತ್ತಿರಲಿಲ್ಲ. ಅಂಜಿಕೆಯ ಹಿಂದೆಯೇ ನಗೆಯನ್ನು ಇಡಬೇಕೆಂಬ ಸೂಕ್ಷ್ಮವು ಅವರಿಗೆ ಗೊತ್ತಿದ್ದಿತು.

ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು 1926ರಲ್ಲಿ ‘ರಾಜಕುಮಾರ ಅಹಮದನ ಸಾಹಸಗಳು’ ಎಂಬ ಚಿತ್ರವನ್ನು ಹೊರಗೆ ತಂದಳು. ಕಪ್ಪು ರಟ್ಟನ್ನೂ ತೆಳುವಾದ ಸೀಸದ ತಗಡನ್ನೂ ಕತ್ತರಿಸಿ, ಕೀಲುಗಳಿಗೆ ತಂತಿ ಕಟ್ಟಿ, ಒಂದೊಂದೇ ಕೂದಲೆಳೆಯಷ್ಟು ಸರಿಸುತ್ತ ಮೂರು ವರುಷ ದುಡಿದು ಅವಳು ಮಾಡಿದ ನೆರಳಾಟವದು. ಇಂದು ಉಳಿದುಬಂದಿರುವ ಪೂರ್ಣಪ್ರಮಾಣದ ಕಾರ್ಟೂನು ಚಿತ್ರಗಳಲ್ಲಿ ಅದಕ್ಕಿಂತ ಹಳೆಯದು ಬೇರೆ ಇಲ್ಲ. ಕಿಳ್ಳೇಕ್ಯಾತನ ತೊಗಲಿಗೂ ಲೊಟ್ಟೆಯ ರಟ್ಟಿಗೂ ನಡುವೆ ಇರುವ ಮುಖ್ಯ ಭೇದವು ಕ್ಯಾಮರಾ ಒಂದೇ.

ಆ ಕ್ಯಾಮರಾದ ಚಮತ್ಕಾರವನ್ನು ನಮ್ಮ ಉತ್ತರದ ನೆರೆಯವರಾದ ದಾದಾಸಾಹೇಬ ಫಾಳ್ಕೆಯವರು ಅವಳಿಗಿಂತ ಮೊದಲೇ ತಿಳಿದುಕೊಂಡಿದ್ದರು. ಸಂಸ್ಕೃತ ಪಂಡಿತರ ಮಗನಾದ ಅವರು ‘ರಾಜಾ ಹರಿಶ್ಚಂದ್ರ’ವನ್ನು ತೆಗೆಯುವ ಮೊದಲು, 1912ರಲ್ಲಿ, ಒಂದು ಕಾಳನ್ನು ಮಣ್ಣಿನಲ್ಲಿ ಊರಿ ಅದು ಮೊಳೆತು ಬಳ್ಳಿಯಾಗುವದನ್ನು ದಿನದಿನವೂ ಒಂದಿಷ್ಟು ಚಿತ್ರ ತೆಗೆದು ಜೋಡಿಸಿದರು. ಪರದೆಯ ಮೇಲೆ ತಿಂಗಳ ಬೆಳವಣಿಗೆಯು ಕಣ್ಣೆದುರಿಗೇ ನಡೆದಂತಾಯಿತು. ಮುಂದೆ ಅವರು ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನೇ ಕುಣಿಸಿ ಒಂದು ಚಿತ್ರವನ್ನು ಮಾಡಿದರು. ಅಲುಗದ ವಸ್ತುವನ್ನು ಸ್ವಲ್ಪ ಸರಿಸುವದು, ಒಂದು ಚಿತ್ರ ತೆಗೆಯುವದು, ಮತ್ತೆ ಸರಿಸುವದು, ಮತ್ತೆ ತೆಗೆಯುವದು. ಕಾರ್ಟೂನಿನ ಬೀಜಮಂತ್ರವೆಲ್ಲ ಇಷ್ಟೇ.

ಇದಕ್ಕೆ ಅರಮನೆಯಂಥ ಕಾರಖಾನೆಯೇ ಬೇಕೆಂಬ ಭಯವೂ ಬೇಡ. ಇಂಗ್ಲಂಡಿನಲ್ಲಿ ಆಲಿವರ್ ಪೋಸ್ಟ್‌ಗೇಟ್ ಮತ್ತು ಪೀಟರ್ ಫರ್ಮಿನ್ ಎಂಬ ಇಬ್ಬರು ಗೆಳೆಯರು ಕೆಂಟ್ ಪ್ರಾಂತದ ಒಂದು ಹೊಲಮನೆಯಲ್ಲಿ, ದನಗಳಿಲ್ಲದ ಹಕ್ಕೆಯಲ್ಲಿ ಕುಳಿತು ಚಿಕ್ಕ ಮಕ್ಕಳ ಚಿತ್ರಗಳನ್ನು ಮಾಡಿದರು. ಒಬ್ಬನು ಗೊಂಬೆಗಳನ್ನು ಮಾಡುವನು. ಇನ್ನೊಬ್ಬನು ಕಥೆ ಬರೆದು, ಗೊಂಬೆಗಳನ್ನು ಸರಿಸಿ, ತಾನೇ ದನಿ ಕೊಡುವನು. 1974ರಲ್ಲಿ ಬಿ.ಬಿ.ಸಿ.ಯಲ್ಲಿ ಬಂದ ‘ಬ್ಯಾಗ್‌ಪಸ್’ ಎಂಬ ಅವರ ಮಾಲೆಯಲ್ಲಿ ಕೇವಲ 13 ಚಿತ್ರಗಳಿದ್ದವು. ಹಳೆಯ ಅರಿವೆಯ ಬೆಕ್ಕೊಂದು ಮುರಿದ ಸಾಮಾನುಗಳನ್ನು ನೋಡಿ ಅವುಗಳ ಕಥೆ ಹೇಳುವದೇ ಅದರ ವಸ್ತು. ಹಲವು ದಶಕಗಳು ಕಳೆದರೂ ಆ ದೇಶದ ಜನರು ಅದನ್ನು ಮರೆತಿಲ್ಲ. ಅವರದೇ ಮತ್ತೊಂದು ಮಾಲೆಯಲ್ಲಿ, ಚಂದ್ರನಂಥದೊಂದು ಗೋಲದ ಮೇಲೆ ವಾಸಿಸುವ ಪ್ರಾಣಿಗಳು ಶಬ್ದಗಳನ್ನೇ ಆಡುವದಿಲ್ಲ. ಪೀಪಿಯ ದನಿಯಿಂದಲೇ ಮಾತನಾಡುವವು. ಆದರೂ ಕೂಸುಗಳಿಗೆ ಎಲ್ಲವೂ ತಿಳಿಯುತ್ತಿದ್ದಿತು. ರಾಜಸ್ಥಾನದ ಕಠಪುತಲಿಯವರು ಗೊಂಬೆಗಳಿಗೆ ಪೀಪಿಯ ದನಿ ಕೊಡುವದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೆನಿಸದು.

ಕೂಸಿನ ಕಣ್ಣಿನಿಂದ

ಆರು ವರುಷದ ಒಳಗಿನ ಮಕ್ಕಳಿಗಾಗಿ ಕಥೆ ಕಟ್ಟುವವರು ಮೊದಲು ಕೂಸಿನ ಮನಸ್ಸಿನ ಗತಿಯನ್ನು ತಿಳಿಯಬೇಕು. ದೊಡ್ಡವರ ಕಥೆಯನ್ನು ಚಿಕ್ಕದು ಮಾಡಿದರೆ ಮಕ್ಕಳ ಕಥೆಯಾಗುವದಿಲ್ಲ. ಕೂಸಿಗೆ ಒಂದು ಸಮಯಕ್ಕೆ ಒಂದೇ ಆಶೆಯನ್ನು ಹಿಡಿಯುವ ಶಕ್ತಿಯಿರುವದು. ಕಥೆಯ ನಾಯಕನಿಗೆ ಏನೋ ಒಂದು ಬೇಕು. ಅದಕ್ಕೆ ಏನೋ ಒಂದು ಅಡ್ಡಿ. ಮೂರು ಸಲ ಯತ್ನ, ಮೂರನೆಯದಕ್ಕೆ ಫಲ. ನಮ್ಮ ಅಜ್ಜಿಯರು ಹೇಳಿದ ಕಥೆಗಳೆಲ್ಲವೂ ಈ ಅಚ್ಚಿನವೇ. ಮಾತುಗಳು ಮತ್ತೆ ಮತ್ತೆ ಬರಬೇಕು. ಯಾಕಂದರೆ ಮುಂದಿನ ಮಾತನ್ನು ತಾನೇ ಮೊದಲು ಹೇಳಿಬಿಡುವ ಸುಖವು ಕೂಸಿಗೆ ಎಲ್ಲಕ್ಕಿಂತ ದೊಡ್ಡದು.

ಎರಡನೆಯದು, ನಡಿಗೆ. ಕಣ್ಣು ಮಿಟುಕಿಸುವದರೊಳಗೆ ಮೂರು ನೋಟ ಬದಲಾಗುವ ಚಿತ್ರವು ಕೂಸನ್ನು ಹಿಡಿದು ಕೂಡ್ರಿಸುವದು ನಿಜ. ಆದರೆ ವಿಚಾರಿಸಲು ಅದಕ್ಕೆ ಎಡೆ ಸಿಗದು. ಅಮೇರಿಕೆಯ ಫ್ರೆಡ್ ರಾಜರ್ಸ್ ಎಂಬವರು 1968ರಿಂದ 2001ರ ವರೆಗೆ ಮಕ್ಕಳಿಗಾಗಿ ನಡಿಸಿದ ಟೀವಿ ಕಾರ್ಯಕ್ರಮದಲ್ಲಿ ಅತಿ ನಿಧಾನವಾಗಿ ಮಾತನಾಡುತ್ತಿದ್ದರು. ಬೂಟು ಬಿಚ್ಚುವದನ್ನೂ ಮೀನಿಗೆ ಆಹಾರ ಹಾಕುವದನ್ನೂ ಅವಸರವಿಲ್ಲದೆ ತೋರಿಸುತ್ತಿದ್ದರು. ಅವರಲ್ಲಿ ಇನ್ನೊಂದು ವಿವೇಕವೂ ಇದ್ದಿತು. ನಿಜದ ಮನೆಯಿಂದ ಕಲ್ಪನೆಯ ರಾಜ್ಯಕ್ಕೆ ಹೋಗುವಾಗ ಪ್ರತಿಸಲವೂ ಒಂದು ಚಿಕ್ಕ ಟ್ರಾಲಿಯ ಗಾಡಿಯು ಬಂದು ಒಯ್ಯುತ್ತಿದ್ದಿತು. ಈಗ ಸುಳ್ಳಿನ ಆಟ ಶುರುವಾಯಿತು, ಈಗ ಮುಗಿಯಿತು ಎಂಬುದು ಕೂಸಿಗೆ ನಿಚ್ಚಳವಾಗಿ ತಿಳಿಯುತ್ತಿದ್ದಿತು. ನಮ್ಮ ಸೂತ್ರಧಾರನೂ ಭಾಗವತನೂ ಮಾಡುವ ಕೆಲಸವು ಇದೇ ಅಲ್ಲವೇ?

1969ರಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಎಂಬ ಮಾಲೆಯವರು ಮತ್ತೊಂದು ದಾರಿಯನ್ನು ಹಿಡಿದರು. ಮನುಷ್ಯರನ್ನೂ ಗೊಂಬೆಗಳನ್ನೂ ಬೇರೆಬೇರೆಯಾಗಿ ಇಡಬೇಕೆಂದು ತಜ್ಞರು ಅವರಿಗೆ ಮೊದಲು ಸಲಹೆ ಕೊಟ್ಟಿದ್ದರು. ಮಾಡಿದ ಚಿತ್ರಗಳನ್ನು ಮಕ್ಕಳ ಮುಂದೆಯೇ ಇಟ್ಟು ಪರೀಕ್ಷಿಸಿದಾಗ, ಗೊಂಬೆಗಳಿಲ್ಲದ ಬೀದಿಯ ದೃಶ್ಯ ಬಂದೊಡನೆ ಮಕ್ಕಳು ಮುಖ ತಿರುಗಿಸುವದು ಕಂಡುಬಂದಿತು. ಆಮೇಲೆ ದೊಡ್ಡ ಹಳದಿಯ ಹಕ್ಕಿಯೊಂದು ಮನುಷ್ಯರ ನಡುವೆಯೇ ಓಡಾಡತೊಡಗಿತು. ರಾಜರ್ಸರ ದಾರಿ ಲೇಸೋ ಇವರದು ಲೇಸೋ ಎಂಬ ವಾದವನ್ನು ನಾವು ಇಲ್ಲಿ ತೀರಿಸಬೇಕಾಗಿಲ್ಲ. ಆದರೆ ಒಂದು ಸಂಗತಿಯು ಎರಡರಿಂದಲೂ ಹೊರಡುವದು: ಮಕ್ಕಳ ಚಿತ್ರಕ್ಕೆ ಮಕ್ಕಳೇ ಪರೀಕ್ಷಕರು. ಮಾಡಿದ ಮೇಲೆ ಅಂಗನವಾಡಿಯ ಹತ್ತು ಕೂಸುಗಳ ಮುಂದೆ ಇಟ್ಟು, ಚಿತ್ರವನ್ನಲ್ಲ, ಅವುಗಳ ಮುಖವನ್ನು ನೋಡಬೇಕು.

ಹುಲಿಯು ಯಾವ ಮಾತು ಆಡಬೇಕು?

ನಾವು ಶಾಲೆಯಲ್ಲಿದ್ದ ಕೊನೆಯ ವರುಷಗಳಲ್ಲಿ ಎರಡನೆಯ ಇಯತ್ತೆಯ ಒಬ್ಬ ಹುಡುಗನು ಕೇಳಿದ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ನಟ್ಟು ನಿಂತಿರುವದು. ಹುಲಿಯ ಪಾಠ ನಡೆದಿದ್ದಿತು.

“ಸರ, ಟೀವಿಯಾಗಿನ ಹುಲಿ ನಮ್ಮಂಗ ಯಾಕ ಮಾತಾಡೂದಿಲ್ರೀ?”

“ಮತ್ತ ಹೆಂಗ ಮಾತಾಡತೈತೋ ತಮ್ಮಾ?”

“ಪುಸ್ತಕದಾಗಿನ ಹಂಗ ಮಾತಾಡತೈತ್ರಿ. ನಮ್ಮಂಗ ಮಾತಾಡೂದು ಬರೇ ನಗಸವ್ರು ಇರ್ತಾರ್ರಿ.”

ಹುಡುಗನ ಎರಡನೆಯ ಉತ್ತರವು ಮೊದಲನೆಯ ಪ್ರಶ್ನೆಗಿಂತ ಆಳವಾದದ್ದು. ತನ್ನ ತಾಯಿ ಆಡುವ ಮಾತು ನಗಿಸುವದಕ್ಕೆ ಮಾತ್ರ ಯೋಗ್ಯವಾದದ್ದು, ಶೂರನ ಮಾತಲ್ಲ, ಜಾಣನ ಮಾತಲ್ಲ ಎಂದು ಏಳು ವರುಷದ ಕೂಸು ತಾನೇ ತೀರ್ಮಾನಿಸಿದ್ದಿತು. ಇದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ದಿನವೂ ನೋಡಿದ ಚಿತ್ರಗಳು ಕಲಿಸಿದ್ದವು. ಚಿಕ್ಕ ಮಕ್ಕಳ ಕಾರ್ಯಕ್ರಮವೆಂದರೆ ಹೊತ್ತು ಕಳೆಯುವ ಮಾತಲ್ಲವೆಂದು ನಾವು ಹೇಳುವದು ಈ ಕಾರಣದಿಂದಲೇ.

ಕನ್ನಡದಲ್ಲಿ ಮಕ್ಕಳ ಟೀವಿಯೇ ಇಲ್ಲವೆಂದು ನಾವು ದೂರುತ್ತಿಲ್ಲ. 1975ರ ಆಗಸ್ಟದಿಂದ ಒಂದು ವರುಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ನಮ್ಮ ನೆರೆಯ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಕಲಬುರ್ಗಿ, ರಾಯಚೂರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿಯ ಬಲೆಯ ಛತ್ರಿಗಳನ್ನು ನಿಲ್ಲಿಸಿ, ದಿನವೂ ಮುಂಜಾನೆ ಶಾಲೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ 22½ ನಿಮಿಷದ ಕಾರ್ಯಕ್ರಮವನ್ನು ತೋರಿಸುತ್ತಿದ್ದರು. ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. 2009ರಲ್ಲಿ ‘ಚಿಂಟು’ ಎಂಬ ಮಕ್ಕಳ ವಾಹಿನಿಯು ಕನ್ನಡದಲ್ಲಿ ಆರಂಭವಾಯಿತು. ಆದರೆ ಇಂಥ ವಾಹಿನಿಗಳಲ್ಲಿ ಬರುವ ಚಿತ್ರಗಳು ಬಹುತೇಕ ಬೇರೆ ಕಡೆಗೆ ಹುಟ್ಟಿ, ತುಟಿಯ ಅಲುಗಾಟಕ್ಕೆ ಸರಿಯಾಗಿ ಕನ್ನಡ ಶಬ್ದಗಳನ್ನು ತುಂಬಿಸಿಕೊಂಡವು. ಬಾಯಿ ಒಬ್ಬರದು, ಮಾತು ಇನ್ನೊಬ್ಬರದು ಆದಲ್ಲಿ ಮಾತಿಗೆ ಬೇರು ಇಲ್ಲದಂತಾಗುವದು.

ಪರದೇಶದ ಕಥೆಯು ಬೇಡವೆಂದು ಇದರ ಅರ್ಥವಲ್ಲ. ಬ್ರೌನಿಂಗ್ ಕವಿಯು ಇಂಗ್ಲಿಷಿನಲ್ಲಿ ಬರೆದ ಜರ್ಮನಿಯ ಇಲಿಗಳ ಕಥೆಯನ್ನು ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿ ಮಾಡಿದರು. ಕಥೆ ಹೊರಗಿನದು, ಹಳ್ಳಿ, ಇಲಿ, ಜೋಗಿ ಎಲ್ಲವೂ ಇಲ್ಲಿಯವು. ದುರ್ಗಸಿಂಹನು 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗ ಮಾಡಿದ ಕೆಲಸವೂ ಇದೇ ಜಾತಿಯದು. ನಮ್ಮ ಪೂರ್ವಕ್ಕಿರುವ ಹೈದರಾಬಾದಿನಲ್ಲಿ 2008ರಲ್ಲಿ ಹುಟ್ಟಿದ ‘ಛೋಟಾ ಭೀಮ’ನು ಲಾಡು ತಿಂದು ಬಲ ಪಡೆಯುವನು. ಅವನ ಚಿತ್ರಗಳಲ್ಲಿ ಹೊಡೆದಾಟವು ಹೆಚ್ಚೆಂದು ನಮಗೆ ತೋರುವದಾದರೂ, ಲಾಡು ತಿನ್ನುವ ಹುಡುಗನು ದೇಶದ ಮಕ್ಕಳನ್ನೆಲ್ಲ ಗೆದ್ದನೆಂಬುದನ್ನು ಮರೆಯಲಾಗದು. ಲಾಡು ಆದೀತಾದರೆ ಕರದಂಟು ಏಕೆ ಆಗದು?

ಇನ್ನು ಆಡುಮಾತನ್ನು ಬಳಸಿದರೆ ಮಕ್ಕಳ ಭಾಷೆಯು ಕೆಡುವದೆಂಬ ಆಕ್ಷೇಪಣೆ. ಸಂಸ್ಕೃತವನ್ನೇ ಓದಿ ಬೆಳೆದ ನಾವು ಇದಕ್ಕೆ ಸಂಸ್ಕೃತ ನಾಟಕಗಳಿಂದಲೇ ಉತ್ತರ ಹೇಳುವೆವು. ದುಷ್ಯಂತನು ಸಂಸ್ಕೃತವನ್ನಾಡಿದರೆ ಶಕುಂತಲೆಯೂ ಅವಳ ಸಖಿಯರೂ ಪ್ರಾಕೃತದಲ್ಲಿ ಮಾತನಾಡುವರು. ಮೃಚ್ಛಕಟಿಕದಲ್ಲಂತೂ ಪಾತ್ರಕ್ಕೆ ತಕ್ಕಂತೆ ಹಲವು ಬಗೆಯ ಪ್ರಾಕೃತಗಳು ಬರುವವು. ಪ್ರಾಕೃತವು ನಗಿಸುವವರಿಗೆ ಮಾತ್ರ ಮೀಸಲಾಗಿರಲಿಲ್ಲ. ಶಕುಂತಲೆಯ ಕಣ್ಣೀರೂ ಪ್ರಾಕೃತದಲ್ಲಿಯೇ ಹರಿಯಿತು. ಕಥೆ ಹೇಳುವ ಸೂತ್ರಧಾರನು ಗ್ರಂಥದ ಕನ್ನಡವನ್ನಾಡಲಿ, ಪಾತ್ರಗಳು ಗೋಕಾವಿಯ ಕನ್ನಡವನ್ನಾಡಲಿ. ಹೀಗೆ ಮಾಡಿದರೆ ಕೂಸಿಗೆ ಎರಡೂ ಬಂದಾವು; ಎರಡರ ಬಗೆಗೂ ಗೌರವ ಉಳಿದೀತು.

ಒಂದು ಉದಾಹರಣೆ: ಕುಂಟೆತ್ತು

ಮಾತನ್ನು ಬರಿಯ ಉಪದೇಶದಲ್ಲಿ ಮುಗಿಸುವದು ನಮಗೆ ಸರಿತೋರದು. ಜ್ಯೇಷ್ಠದ ಕೊನೆಯಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನು ನಮ್ಮ ಸೀಮೆಯ ವಾಚಕರೆಲ್ಲ ಬಲ್ಲರು. ಹಸಿಮಣ್ಣಿನ ಎತ್ತುಗಳನ್ನು ಮಾಡಿ, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುವದು. ಮರುದಿನ ಹುಡುಗರು ಒಂದು ಎತ್ತಿನ ಕಾಲು ಮುರಿದು, ಆ ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುವದು. ಆಷಾಢ ಹೊಕ್ಕಮೇಲೆ ಮಂಗಳವಾರ ಮಂಗಳವಾರ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುವರು. ಮಣ್ಣಿನಿಂದ ಪಾತ್ರಗಳನ್ನು ಮಾಡಿ, ಅವಕ್ಕೆ ಮಾತು ಹಾಡುಗಳನ್ನು ಕೊಟ್ಟು, ಕೊನೆಗೆ ನೀರಿಗೆ ಬಿಡುವ ಈ ಪದ್ಧತಿಗಳೆಲ್ಲವೂ ಮಕ್ಕಳೇ ಆಡುವ ನಾಟಕಗಳು.

ಆ ಕುಂಟೆತ್ತನ್ನೇ ನಾಯಕನನ್ನಾಗಿ ಮಾಡಿರಿ. ಅದಕ್ಕೆ ಘಟಪ್ರಭೆಯ ಜಲಪಾತವನ್ನು ನೋಡಬೇಕೆಂಬ ಆಶೆ. ಅಡ್ಡಿಗಳು ಎರಡು: ಕಾಲು ಮೂರೇ, ಮೈ ಹಸಿಮಣ್ಣು. ಆಕಾಶದಲ್ಲಿ ಮೋಡ ಕಟ್ಟಿದೆ. ಮಳೆ ಬಿದ್ದರೆ ಕರಗಿಹೋಗಬೇಕು. ಮೊದಲನೆಯ ಮನೆಯ ಅವ್ವ ಒಂದು ಹಿಡಿ ಜೋಳ ನೀಡುವಳು. ಅದನ್ನು ತಿನ್ನಲು ಬಂದ ಗುಬ್ಬಿಯು ದಾರಿ ತೋರಿಸುವದು. ಎರಡನೆಯ ಮನೆಯ ಅಜ್ಜ ಮುರಿದ ಕಾಲಿಗೆ ಜೋಳದ ದಂಟು ಕಟ್ಟಿಕೊಡುವನು. ಮೂರನೆಯ ಮನೆಯ ಹುಡುಗಿಯು ತನ್ನ ಬುಟ್ಟಿಯನ್ನು ಅದರ ಮೇಲೆ ಹಿಡಿದು, ತಾನು ತೊಯ್ಯುತ್ತ, ನದಿಯವರೆಗೆ ಒಯ್ಯುವಳು. ಜಲಪಾತವನ್ನು ಕಂಡ ಎತ್ತು, “ಇನ್ನ ಬುಟ್ಟಿ ತಗೀಯವ್ವಾ” ಎನ್ನುವದು. “ಕರಗತೀಯಲ್ಲೋ!” ಎಂದು ಹುಡುಗಿಯ ಕಣ್ಣಲ್ಲಿ ನೀರು. “ಇದ ಮಣ್ಣಾಗ ಇರತೇನಿ. ಬರೋ ವರ್ಷ ನೀನ ಮಾಡು. ಆದ್ರ ನಾಕೂ ಕಾಲು ಮಾಡು” ಎಂದು ಎತ್ತು ನಗುವದು. ಚಿತ್ರವು ಅಲ್ಲಿಗೆ ಮುಗಿಯಲಿ. ಅಗಲುವಿಕೆಯೆಂಬ ದೊಡ್ಡ ಸಂಗತಿಯನ್ನು ಕೂಸು ಅಂಜದೆ ಕೈಯಲ್ಲಿ ಹಿಡಿದು ನೋಡುವಂತೆ ಮಾಡುವ ಬಲವು ಕಲ್ಪನೆಗೆ ಮಾತ್ರ ಇದೆ.

ಇದಕ್ಕೆ ತಗಲುವ ಶ್ರಮದ ಲೆಕ್ಕವನ್ನೂ ಹೇಳುವೆವು. ಸಿನೇಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುವವು. ಗೊಂಬೆಯ ಒಂದೊಂದು ಭಂಗಿಯನ್ನು ಎರಡೆರಡು ಸಲ ತೆಗೆದರೆ 12 ಭಂಗಿಗಳು ಸಾಕು. ಐದು ನಿಮಿಷದ ಕಥೆಗೆ 300 ಸೆಕೆಂಡು. ಅಂದರೆ 3,600 ಭಂಗಿಗಳು. ದಿನಕ್ಕೆ ಐದು ಸೆಕೆಂಡಿನಷ್ಟು, ಅಂದರೆ 60 ಭಂಗಿಗಳಷ್ಟು ಕೆಲಸ ಸಾಗಿದರೆ ಅರವತ್ತು ದಿನಗಳಲ್ಲಿ ಚಿತ್ರೀಕರಣವು ಮುಗಿಯುವದು. ಮೊದಲು ದನಿಗಳನ್ನು ಮುದ್ರಿಸಿಕೊಳ್ಳಬೇಕು. ಆಮೇಲೆ ಆ ದನಿಗೆ ತಕ್ಕಂತೆ ಗೊಂಬೆಯನ್ನು ಸರಿಸಬೇಕು. ಕ್ಯಾಮರಾ ಅಲುಗಬಾರದು, ಬೆಳಕು ಬದಲಾಗಬಾರದು. ಕಿಡಕಿ ಮುಚ್ಚಿ ದೀಪದ ಬೆಳಕಿನಲ್ಲಿಯೇ ತೆಗೆಯುವದು ಲೇಸು. ಗೊಂಬೆಯ ಕಾಲು ಕತ್ತುಗಳಿಗೆ ಕೀಲು ಬೇಕು. ಬೇರೆಬೇರೆ ಬಾಯಿ ಬರೆದ ನಾಲ್ಕಾರು ತಲೆಗಳು ಬೇಕು. ಗೋಕಾವಿಯ ಕಸುಬಿನವರಿಗೆ ಇದು ಅಸಾಧ್ಯವೇ? ಸಾಮಾನ್ಯವಾದ ಫೋನಿನಿಂದಲೇ ಇಂಥ ಚಿತ್ರವನ್ನು ತೆಗೆಯುವ ಅನುಕೂಲತೆಯು ಇಂದು ಒದಗಿರುವದು. ಹೀಗೆ ಹಳೆಯ ಕಸುಬಿಗೆ ಹೊಸ ಗಿರಾಕಿಯು ದೊರೆತಂತೆಯೂ ಆದೀತು.

ಗೃಹಸ್ಥರ ಪಾಲು

ಹಣ ಎಲ್ಲಿಂದ ಬರಬೇಕೆಂದು ಕೇಳಬಹುದು. ಗೋಕಾಕದ ಜಲಪಾತವು ದೇಶದಲ್ಲಿ ಬಹು ಮೊದಲೇ, 19ನೆಯ ಶತಮಾನ ಮುಗಿಯುವದರೊಳಗೆ, ವಿದ್ಯುತ್ತನ್ನು ಕೊಟ್ಟಿತು. ಆದರೆ ಅದು ಗಿರಣಿಗಾಗಿ. ಹುಕ್ಕೇರಿಯ ಹಳ್ಳಿಗಳಿಗೆ ಬೆಳಕು ಮುಟ್ಟಿಸಲು 1969ರಲ್ಲಿ ಆ ತಾಲೂಕಿನ ಜನರು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ತಮ್ಮ ಮನೆಯ ದೀಪಕ್ಕಾಗಿ ಸಂಘ ಕಟ್ಟಿದ ಜನರಿಗೆ, ಆ ದೀಪದ ಕೆಳಗೆ ಕುಳಿತ ಮಕ್ಕಳ ಕಥೆಗಾಗಿ ಸಂಘ ಕಟ್ಟುವದು ಹೆಚ್ಚಿನ ಮಾತಲ್ಲ. ಹತ್ತು ಶಾಲೆಗಳು, ಒಬ್ಬಿಬ್ಬರು ಗೊಂಬೆ ಮಾಡುವವರು, ಒಂದು ಪಾರಿಜಾತದ ಮೇಳ, ಕಂಪ್ಯೂಟರು ಬಲ್ಲ ನಾಲ್ವರು ತರುಣರು ಕೂಡಿದರೆ ವರುಷಕ್ಕೆ ಎರಡು ಚಿತ್ರಗಳಾದಾವು.

ಅಲ್ಲಿಯವರೆಗೆ ಮನೆಯಲ್ಲಿ ಮಾಡತಕ್ಕದ್ದೂ ಉಂಟು. ಎರಡು ವರುಷದೊಳಗಿನ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರುಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚಾಗಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಜಾಗತಿಕ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಮಗುವಿಗೆ ಉಣಿಸುವಾಗ ಫೋನನ್ನು ಕೈಗಿಡುವ ತಾಯಂದಿರ ಕಷ್ಟವು ನಮಗೆ ತಿಳಿಯದ್ದಲ್ಲ. ಕೆಲಸದ ಭಾರವನ್ನು ಹಂಚಿಕೊಳ್ಳದೆ ಅವರಿಗೆ ಬುದ್ಧಿ ಹೇಳುವದು ಗಂಡಸರಿಗೆ ಭೂಷಣವಲ್ಲ. ಆ ಒಂದು ತಾಸಿನಲ್ಲಿ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, “ಮುಂದ ಏನಾಗತೈತಿ ಹೇಳು ನೋಡೋಣ” ಎಂದು ಕೇಳಿದರೆ ಸಾಕು. ನೋಡುವ ಕೂಸು ಕಥೆ ಕಟ್ಟುವ ಕೂಸಾಗುವದು.

ಕಟ್ಟುಕಥೆಗಳಿಂದ ಮಕ್ಕಳು ಸುಳ್ಳು ಕಲಿಯುವರೆಂದು ಅಂಜುವ ತಂದೆಗಳೂ ಇರುವರು. ಮಣ್ಣಿನ ಎತ್ತಿಗೆ ಹುಲ್ಲು ಹಾಕುವ ಕೂಸಿಗೆ ಅದು ಮಣ್ಣೆಂಬುದು ಚೆನ್ನಾಗಿ ಗೊತ್ತಿರುವದು, ಗೊತ್ತಿದ್ದೂ ಹಾಕುವದು. ಹಸಿದ ಇನ್ನೊಂದು ಜೀವವನ್ನು ಮನಸ್ಸಿನಲ್ಲಿ ಕಾಣುವ ಶಕ್ತಿಯು ಅದಕ್ಕೆ ಆ ಆಟದಿಂದಲೇ ಬರುವದು.

ಬರುವ ಮಣ್ಣೆತ್ತಿನ ಅಮಾವಾಸ್ಯೆಯ ದಿನ ವಾಚಕರು ತಮ್ಮ ಮನೆಯ ಕೂಸಿನ ಕೈಗೆ ಒಂದು ಮುದ್ದೆ ಹಸಿಮಣ್ಣನ್ನು ಕೊಡಲಿ. ಎತ್ತು ಸಿದ್ಧವಾದ ಮೇಲೆ, ಅದು ಏನು ಹೇಳುತ್ತದೆಂದು ಕೇಳಲಿ. ಕೂಸು ಹೇಳಿದ ಮಾತನ್ನು, ತಿದ್ದದೆ, ಇದ್ದಕ್ಕಿದ್ದಂತೆ ಬರೆದಿಟ್ಟುಕೊಳ್ಳಲಿ. ಗೋಕಾವಿಯ ಗೊಂಬೆಯು ಆಡಬೇಕಾದ ಮೊದಲನೆಯ ಮಾತು ಅದೇ ಆದೀತು.